ಮಿಷನ್ ಟ್ರಿಪ್‌ಗೆ ಹೋಗಬೇಕಾ, ದುಡ್ಡು ಕಳಿಸಿದರೆ ಸಾಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಮಿಷನ್ ಟ್ರಿಪ್, ಅಂದರೆ ಸೇವೆಗೆಂದು ತಂಡ ಕಟ್ಟಿಕೊಂಡು ಬೇರೆ ದೇಶಕ್ಕೆ ಹೋಗಿಬರುವ ಮಾತು ಶುರುವಾಗುತ್ತದೆ. ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇದ್ದವು. ನಾನು ಆಫ್ರಿಕಾದ ಮಲಾವಿ ದೇಶದ ದಕ್ಷಿಣ ಭಾಗದಲ್ಲಿ, ಒಂದು ಮಿಷನ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು. ಬೇರೆ ಬೇರೆ ದೇಶದಿಂದ ಬರುವ ತಂಡಗಳನ್ನು ಬರಮಾಡಿಕೊಳ್ಳುವ ಕಡೆ ನಿಂತು ನೋಡಿದ್ದೇನೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಅಕ್ಕಾ, ನಮ್ಮ ಸಭೆಯ ಯೂತ್ ಗ್ರೂಪಿನಿಂದ ಹನ್ನೆರಡು ಜನ ಮೇ ತಿಂಗಳಲ್ಲಿ ಮಲಾವಿಗೆ ಹೊರಟಿದ್ದೇವೆ. ಹತ್ತು ದಿನ. ಹಳ್ಳಿ ಶಾಲೆಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ) ನಡೆಸುವುದು ಪ್ಲಾನ್. ತಲಾ 1 ಲಕ್ಷ 40 ಸಾವಿರ ಖರ್ಚು, ಸಭೆಯವರು ಕಾಣಿಕೆ ಕೊಡುತ್ತಿದ್ದಾರೆ. ಅಪ್ಪ ಮಾತ್ರ "ಆ ದುಡ್ಡು ಅವರಿಗೇ ಕಳಿಸ್ರೋ" ಅಂತಿದ್ದಾರೆ. ಪಾಸ್ಟರ್ ಇದು ದೇವರ ಕರೆ ಅಂತಾರೆ. ಯಾರ ಮಾತು ಕೇಳಲಿ?
— ಯುವ ಓದುಗ, ಬೆಂಗಳೂರು

ಉತ್ತರ: ತಮ್ಮಾ, ಅಪ್ಪನ ಮಾತಿನಲ್ಲಿ ತೂಕವಿದೆ. ಹನ್ನೆರಡು ಜನಕ್ಕೆ ಲೆಕ್ಕ ಹಾಕಿದರೆ 16 ಲಕ್ಷ 80 ಸಾವಿರ ಆಯ್ತು. ಅದರಲ್ಲಿ ದೊಡ್ಡ ಪಾಲು ವಿಮಾನ ಕಂಪನಿಗೆ ಹೋಗುತ್ತದೆ. ಬಣ್ಣ ಹೊಡೆಯುವವರು ಮಲಾವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾವ ಸಣ್ಣ ಪೇಟೆಗೆ ಹೋದರೂ ಕೆಲಸಕ್ಕೆ ಕಾದು ಕೂತ ಪೇಂಟರ್‌ಗಳು ಸಿಗುತ್ತಾರೆ, ನಿಮಗಿಂತ ಚೆನ್ನಾಗಿ ಹೊಡೆಯುತ್ತಾರೆ, ಆ ಕೂಲಿಯಿಂದ ಅವರ ಮನೆಯ ಒಲೆ ಉರಿಯುತ್ತದೆ.

ಇದನ್ನು ಒಬ್ಬರು ಕೂತು ಲೆಕ್ಕ ಹಾಕಿ ನೋಡಿದ್ದಾರೆ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಗೆಡವಿತು. ಅಲ್ಲೊಂದರಲ್ಲೇ ಸುಮಾರು ಏಳು ಸಾವಿರ ಜನ ಸತ್ತರು, ಊರಿಗೆ ಊರೇ ಮನೆ ಕಳೆದುಕೊಂಡಿತು. ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡದ ಮೇಲೆ ತಂಡ ಬಂತು. ಅಲ್ಲೇ ನೆಲೆಸಿದ್ದ ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ, ಸ್ವತಃ ಕ್ರೈಸ್ತ ಕಾಲೇಜೊಂದರ ಪ್ರಾಧ್ಯಾಪಕ, ಈ ತಂಡಗಳು ಕಟ್ಟಿದ ಮನೆಯನ್ನೂ ಅಲ್ಲಿನದೇ ಕ್ರೈಸ್ತ ಸಂಸ್ಥೆಗಳು ಊರಿನ ಮೇಸ್ತ್ರಿಗಳಿಂದ ಕಟ್ಟಿಸಿದ ಮನೆಯನ್ನೂ ಹೋಲಿಸಿದರು. ಊರಿನವರು ಕಟ್ಟಿದ ಮನೆಗೆ ಬಿದ್ದ ಖರ್ಚು ಸುಮಾರು 2,000 ಡಾಲರ್. ತಂಡ ಬಂದು ಕಟ್ಟಿದ ಮನೆಗೆ ಪ್ರಯಾಣವೂ ಸೇರಿ ಸುಮಾರು 30,000 ಡಾಲರ್. ಮನೆ ಸಿಕ್ಕವರ ಖುಷಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ಯಾರು ಕಟ್ಟಿದರೂ ಅವರಿಗೆ ಮನೆ ಮನೆಯೇ. ಬಂದವರು ಒಳ್ಳೆಯವರು, ಆದರೆ ಅಷ್ಟು ದುಡ್ಡಿನಲ್ಲಿ ಇನ್ನೂ ಎಷ್ಟೋ ಜನಕ್ಕೆ ಮನೆ ಆಗುತ್ತಿತ್ತಲ್ಲ ಅನ್ನುವುದು ಅಲ್ಲಿನವರ ಮಾತು. ಇನ್ನೊಂದು ವಿಷಯ ನನಗೆ ಜಾಸ್ತಿ ನೋವು ಕೊಟ್ಟಿತು. ಹೋಗಿಬಂದವರು "ನನ್ನ ಬದುಕೇ ಬದಲಾಯಿತು" ಅಂತ ಸಾಕ್ಷಿ ಹೇಳುತ್ತಾರಲ್ಲ, ಅವರ ಕಾಣಿಕೆ, ಪ್ರಾರ್ಥನೆ, ಆ ಊರಿನ ಜೊತೆಗಿನ ಸಂಪರ್ಕ ಆಮೇಲೆ ಹೆಚ್ಚಾಗಿದೆಯಾ ಅಂತ ನೋಡಿದರೆ, ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ.

ಈಗ ಮಲಾವಿಯ ಹಳ್ಳಿ ಶಾಲೆಗೆ ಬನ್ನಿ. 1994ರಲ್ಲಿ ಅಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಆಯಿತು. ಶಾಲೆಗೆ ಬರುವ ಮಕ್ಕಳು 19 ಲಕ್ಷದಿಂದ ಸುಮಾರು 30 ಲಕ್ಷಕ್ಕೆ ಏರಿದರು. ಕೋಣೆಗಳು ಎಲ್ಲಿಂದ ಬರಬೇಕು? ಇವತ್ತಿಗೂ ಒಂದನೇ ಕ್ಲಾಸಿನಲ್ಲಿ ನೂರಕ್ಕೂ ಮೇಲೆ ಮಕ್ಕಳು, ಕೆಲವು ಕಡೆ ಮರದ ಕೆಳಗೇ ಪಾಠ. ಕೆಲಸ ಮಾಡುವ ಕೈ ಇಲ್ಲದ್ದಕ್ಕೆ ಕೋಣೆ ಇಲ್ಲ ಅಂದುಕೊಳ್ಳಬೇಡಿ. ಊರಿನವರೇ ಮಣ್ಣು ಕಲಸಿ ಇಟ್ಟಿಗೆ ಹಾಕುತ್ತಾರೆ, ಗೂಡು ಕಟ್ಟಿ ಸುಡುತ್ತಾರೆ, ಹೆಂಗಸರು ತಲೆ ಮೇಲೆ ಮರಳು ನೀರು ಹೊತ್ತು ತರುತ್ತಾರೆ, ಗೋಡೆ ತಲೆ ಮಟ್ಟಕ್ಕೆ ಏರುತ್ತದೆ. ಅಲ್ಲಿಗೆ ನಿಲ್ಲುತ್ತದೆ. ತಗಡಿಗೆ, ಸಿಮೆಂಟಿಗೆ ದುಡ್ಡಿಲ್ಲ. ನವೆಂಬರಿನಲ್ಲಿ ಮಳೆ ಹಿಡಿದರೆ ಏಪ್ರಿಲ್‌ವರೆಗೂ ಬಿಡುವುದಿಲ್ಲ, ಮಣ್ಣಿನ ಗಾರೆ ಹಾಕಿದ ಗೋಡೆಯ ಮೇಲಿನ ಸಾಲುಗಳು ಕರಗಿ ಇಟ್ಟಿಗೆ ಒಂದೊಂದೇ ಉದುರುತ್ತವೆ. ಮುಂದಿನ ವರ್ಷ ಮತ್ತೆ ಏರಿಸುತ್ತಾರೆ. ಅಂಥ ಶಾಲೆಗೆ ನಿಮ್ಮ ದುಡ್ಡಿನಿಂದ ಚಾವಣಿ ಬಂದರೆ ಆಗುವ ಉಪಕಾರ ಎಷ್ಟು, ಇರುವ ಗೋಡೆಗೆ ಹಳದಿ ಬಣ್ಣ ಬಂದರೆ ಎಷ್ಟು, ನೀವೇ ಯೋಚಿಸಿ.

ಇನ್ನೂ ಒಂದು ಮಾತು. ನಮ್ಮ ಬೇಸಿಗೆ ರಜೆ ಅವರ ರಜೆಯಲ್ಲ. ಮೇ ಅಂದರೆ ಅಲ್ಲಿ ಮೆಕ್ಕೆಜೋಳದ ಕೊಯ್ಲಿನ ಕಾಲ, ಶಾಲೆಯೂ ನಡೆಯುತ್ತಿರುತ್ತದೆ. ನಿಮ್ಮ ವಿಬಿಎಸ್‌ಗಾಗಿ ಪಾಠ ನಿಲ್ಲಿಸಿ ಮಕ್ಕಳನ್ನು ಹೊರಗೆ ಕೂರಿಸುತ್ತಾರೆ. ಹನ್ನೆರಡು ಅತಿಥಿಗಳು ಬಂದರೆ ಊರಿನ ಹೆಂಗಸರು ಹೊಲ ಬಿಟ್ಟು ಅಡಿಗೆಗೆ ನಿಲ್ಲುತ್ತಾರೆ, ಮೊಟ್ಟೆ ಇಡುವ ಕೋಳಿಯನ್ನೂ ಕುಯ್ದು ಮೆಕ್ಕೆಜೋಳದ ಮುದ್ದೆಯಂಥ ಎನ್‌ಸಿಮಾ ಜೊತೆ ಬಡಿಸುತ್ತಾರೆ. ಅಲ್ಲಿನ ಪಾಸ್ಟರ್ ನಿಮ್ಮ ಮಿನಿಬಸ್ಸಿಗೆ ಡೀಸೆಲ್ ಹುಡುಕಿಕೊಂಡು ಬಂಕಿನಿಂದ ಬಂಕಿಗೆ ಅಲೆಯುತ್ತಾರೆ, ಡೀಸೆಲ್ ಸಿಗದ ದಿನಗಳು ಅಲ್ಲಿ ಬರುತ್ತಲೇ ಇರುತ್ತವೆ. ಇದನ್ನು ಯಾರೂ ನಿಮ್ಮ ಮುಂದೆ ಹೇಳುವುದಿಲ್ಲ. ಅತಿಥಿಗೆ "ಬೇಡ" ಅನ್ನುವುದು ಅವರ ಪದ್ಧತಿಯಲ್ಲೇ ಇಲ್ಲ, ನಮ್ಮ ಹಳ್ಳಿಗಳಲ್ಲಿ ಹೇಗೋ ಹಾಗೆ.

ಹಾಗಂತ ಟ್ರಿಪ್ ರದ್ದು ಮಾಡಿ ಅನ್ನುತ್ತಿಲ್ಲ. ಇಬ್ಬರು ಹೋಗಿ. ಒಬ್ಬ ಹುಡುಗ, ಒಬ್ಬ ಹುಡುಗಿ, ಬೇಕಿದ್ದರೆ ಜೊತೆಗೊಬ್ಬ ಹಿರಿಯರು. ಉಳಿದ ಹತ್ತು ಜನರ ಟಿಕೆಟ್ ದುಡ್ಡು ಆ ಶಾಲೆಯ ಸಮಿತಿ ಏನು ಕೇಳುತ್ತದೋ ಅದಕ್ಕೆ ಹೋಗಲಿ, ಲೆಕ್ಕ ಅವರೇ ಇಡಲಿ, ಬಿಲ್ ತೋರಿಸಲಿ. ಹೋದ ಇಬ್ಬರು ಕೂತು ಕೇಳಿಸಿಕೊಳ್ಳಲಿ, ಹೊಲಕ್ಕೆ ಹೋಗಲಿ, ಅಲ್ಲಿನ ಸಂಡೇ ಸ್ಕೂಲ್ ಟೀಚರ್ ಚಿಚೆವಾ ಭಾಷೆಯಲ್ಲಿ ಹೇಗೆ ಹಾಡಿಸುತ್ತಾರೆ ಅಂತ ಕಲಿಯಲಿ, ಬಂದು ಸಭೆಗೆ ಹೇಳಲಿ. 1968ರಲ್ಲೇ ಇವಾನ್ ಇಲಿಚ್ ಎಂಬ ಕ್ಯಾಥೋಲಿಕ್ ಪಾದ್ರಿ, ಮೆಕ್ಸಿಕೋಗೆ ಸೇವೆಗೆಂದು ಹೊರಟ ಅಮೆರಿಕದ ವಿದ್ಯಾರ್ಥಿಗಳಿಗೆ ಇದನ್ನೇ ಖಾರವಾಗಿ ಹೇಳಿದ್ದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಅನ್ನುವುದು ಅವರ ಮಾತಿನ ಸಾರ. ಅವರಷ್ಟು ಕಟುವಾಗಿ ನಾನು ಹೇಳಲಾರೆ, ಆದರೆ ಅವರ ಮಾತು ಸುಳ್ಳಲ್ಲ.

ಪಾಸ್ಟರ್ ಹೇಳಿದ ಕರೆಯ ವಿಷಯ. ಕರೆ ಬಂದಿದ್ದರೆ ಅದು ಹತ್ತು ದಿನಕ್ಕೆ ಮುಗಿಯುವುದಿಲ್ಲ. ಅದೇ ಶಾಲೆಯ ಜೊತೆ ಐದು ವರ್ಷ ನಿಲ್ಲುತ್ತೀರಾ ಅಂತ ನಿಮ್ಮ ಗುಂಪಿನಲ್ಲಿ ಕೇಳಿ ನೋಡಿ.

ಪ್ರಶ್ನೆ: ಸಿಸ್ಟರ್, ನಾನು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ನಮ್ಮ ಸೀನಿಯರ್ ಒಬ್ಬರು ಉಗಾಂಡಾಕ್ಕೆ ಮೆಡಿಕಲ್ ಮಿಷನ್ ಹೋಗಿಬಂದರು. ಅಲ್ಲಿ ಹೊಲಿಗೆ ಹಾಕುವುದು, ಡ್ರಿಪ್ ಹಾಕುವುದು, ಔಷಧಿ ಬರೆದುಕೊಡುವುದು ಎಲ್ಲ ತಾವೇ ಮಾಡಿದರಂತೆ, ಯಾರೂ ಸರ್ಟಿಫಿಕೇಟ್ ಕೇಳಲಿಲ್ಲವಂತೆ. ಒಳ್ಳೆ ಅನುಭವ ಸಿಗುತ್ತದೆ ಅಂತಾರೆ. ಹೋಗಲಾ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡಮ್ಮಾ. ಈ ರೀತಿಯಲ್ಲಿ ಬೇಡ.

ಹಾಸನದ ಜಿಲ್ಲಾಸ್ಪತ್ರೆಯಲ್ಲಿ ನಿನಗೆ ಯಾವ ಕೆಲಸಕ್ಕೆ ಅನುಮತಿ ಇಲ್ಲವೋ ಆ ಕೆಲಸ ಉಗಾಂಡಾದಲ್ಲೂ ಮಾಡಬಾರದು. ಅಲ್ಲಿನ ತಾಯಿಯ ಮಗು ಅನುಭವಕ್ಕೆ ಸಿಗುವ ಮಗು ಅಲ್ಲ. ಅಲ್ಲಿಯೂ ನರ್ಸಿಂಗ್ ಕೌನ್ಸಿಲ್ ಇದೆ, ನೋಂದಣಿ ಇದೆ, ಹೊರಗಿನಿಂದ ಬರುವವರಿಗೆ ತಾತ್ಕಾಲಿಕ ಅನುಮತಿ ಕೊಡುವ ಕ್ರಮ ಇದೆ. ಕೇಳಲಿಲ್ಲ ಅಂದರೆ ಆ ತಂಡ ಯಾರ ಕಣ್ಣಿಗೂ ಬೀಳದ ಕಡೆ ಕ್ಯಾಂಪ್ ಹಾಕಿತ್ತು ಅಂತ ಅರ್ಥ.

ಉಗಾಂಡಾದ ಹೆಸರು ತೆಗೆದಿದ್ದಕ್ಕೆ ಹೇಳುತ್ತೇನೆ, ಜಿಂಜಾ ಎಂಬ ಊರಿನ ಪ್ರಕರಣ ನಿನಗೆ ಗೊತ್ತಿರಬೇಕು. ಅಮೆರಿಕದಿಂದ ಹದಿಹರೆಯದಲ್ಲೇ ಮಿಷನ್ ಸೇವೆಗೆ ಬಂದ ಒಬ್ಬ ಯುವತಿ ಅಲ್ಲಿ ಅಪೌಷ್ಟಿಕತೆಯ ಮಕ್ಕಳಿಗಾಗಿ ಕೇಂದ್ರ ತೆರೆದಳು. ವೈದ್ಯಕೀಯ ಓದು ಇರಲಿಲ್ಲ. 2010ರಿಂದ 2015ರವರೆಗೆ ಒಂಬತ್ತು ನೂರಕ್ಕೂ ಹೆಚ್ಚು ಮಕ್ಕಳು ಅಲ್ಲಿ ದಾಖಲಾದರು, 105 ಮಕ್ಕಳು ತೀರಿಕೊಂಡರು. 2019ರಲ್ಲಿ ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು ಕೋರ್ಟಿಗೆ ಹೋದರು, 2020ರಲ್ಲಿ ತಪ್ಪು ಒಪ್ಪಿಕೊಳ್ಳದೆಯೇ ಪರಿಹಾರ ಕೊಟ್ಟು ರಾಜಿಯಾಯಿತು. ಬಂದ ಮಕ್ಕಳು ಮೊದಲೇ ತುಂಬಾ ಕಾಯಿಲೆಯಲ್ಲಿದ್ದವು, ಎಲ್ಲ ಸಾವನ್ನೂ ಅವಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ಕೆಲಸ ಎಷ್ಟು ಸೂಕ್ಷ್ಮ ಅಂತ ವಾರ್ಡಿನಲ್ಲಿ ನಿಂತವರಿಗೆ ಗೊತ್ತು. ತೀರಾ ಸೊರಗಿದ ಮಗುವಿಗೆ ಪ್ರೀತಿಯಿಂದ ಒಂದು ಲೋಟ ಜಾಸ್ತಿ ಹಾಲು ಕುಡಿಸಿದರೂ ಅಪಾಯ, ಡ್ರಿಪ್ ಸ್ವಲ್ಪ ವೇಗವಾಗಿ ಬಿಟ್ಟರೂ ಅಪಾಯ, ಹೃದಯ ತಡೆಯುವುದಿಲ್ಲ. ಅದಕ್ಕೇ ಮೊದಲ ದಿನಗಳಲ್ಲಿ ಎಫ್-75 ಅನ್ನುವ ತೆಳು ಹಾಲು, ಅಳತೆ ಮಾಡಿ, ರಾತ್ರಿಯೂ ಎಬ್ಬಿಸಿ ಕೊಡಬೇಕು. ಚೇತರಿಸಿಕೊಂಡ ಮೇಲೆ ಶೇಂಗಾ ಪೇಸ್ಟಿನ ಪೊಟ್ಟಣ, ಮಲಾವಿಯಲ್ಲಿ ಅದನ್ನು ಚಿಪೊಂಡೆ ಅಂತಾರೆ, ಮನೆಗೆ ಕೊಟ್ಟು ಕಳಿಸಬಹುದು. ಒಳ್ಳೆ ಮನಸ್ಸು ಇದ್ದರೆ ಈ ಲೆಕ್ಕ ತಾನಾಗಿ ಬರುವುದಿಲ್ಲ.

ಡಾಕ್ಟರುಗಳೇ ಬಂದ ಕ್ಯಾಂಪಿನಲ್ಲೂ ನಾನು ನೋಡಿದ ತೊಂದರೆ ಬೇರೆ. ಮಲಾವಿಯಲ್ಲಿ ಪ್ರತಿಯೊಬ್ಬರ ಹತ್ತಿರ ಹೆಲ್ತ್ ಪಾಸ್‌ಪೋರ್ಟ್ ಅಂತ ಒಂದು ಚಿಕ್ಕ ಪುಸ್ತಕ ಇರುತ್ತದೆ. ಲಸಿಕೆ, ಬಸಿರು, ಮಲೇರಿಯಾ, ಏನೇ ಆದರೂ ಅದರಲ್ಲೇ ಬರೆಯಬೇಕು. ಆಸ್ಪತ್ರೆಯಲ್ಲಿ ಬೇರೆ ಫೈಲ್ ಇರುವುದಿಲ್ಲ, ಆ ಪುಸ್ತಕವೇ ಫೈಲ್. ಹೆಂಗಸರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೊಂಟಕ್ಕೆ ಸುತ್ತಿಕೊಳ್ಳುವ ಚಿತೆಂಜೆ ಬಟ್ಟೆಯ ಗಂಟಿನಲ್ಲಿಟ್ಟುಕೊಂಡು ಬರುತ್ತಾರೆ. ಹೊರಗಿನ ತಂಡ ಶಾಲೆ ಮೈದಾನದಲ್ಲಿ ಕ್ಯಾಂಪ್ ಹಾಕಿ, ತಮ್ಮದೇ ಕಾಗದದಲ್ಲಿ ಬರೆದುಕೊಂಡು, ಕಾಗದ ತಮ್ಮ ಜೊತೆ ತೆಗೆದುಕೊಂಡು ಹೋಗುತ್ತಿತ್ತು. ಒಂದು ತಿಂಗಳ ಬಿಪಿ ಮಾತ್ರೆ ಸಣ್ಣ ಕವರಿನಲ್ಲಿ. ಎರಡನೇ ತಿಂಗಳಿಗೆ ಆ ಅಜ್ಜಿ ನಮ್ಮ ಹತ್ತಿರ ಬರುತ್ತಿದ್ದಳು, ಖಾಲಿ ಕವರ್ ತೋರಿಸುತ್ತಿದ್ದಳು, ಪುಸ್ತಕದಲ್ಲಿ ಒಂದು ಅಕ್ಷರ ಇಲ್ಲ. ಯಾವ ಮಾತ್ರೆ, ಎಷ್ಟು ಪವರ್, ಬಿಪಿ ಎಷ್ಟಿತ್ತು? ನಾವು ಮೊದಲಿಂದ ಶುರು ಮಾಡಬೇಕು, ಅದೂ ನಮ್ಮಲ್ಲಿ ಆ ಮಾತ್ರೆ ಇದ್ದರೆ.

ನೀನು ಓದು ಮುಗಿಸು, ನೋಂದಣಿ ಮಾಡಿಸು, ಎರಡು ವರ್ಷ ಒಳ್ಳೆಯ ವಾರ್ಡಿನಲ್ಲಿ ದುಡಿ. ಆಮೇಲೆ ಅಲ್ಲಿನ ಕೌನ್ಸಿಲ್ಲಿಗೆ ಅರ್ಜಿ ಹಾಕಿ, ಅಲ್ಲಿನ ಮ್ಯಾಟ್ರನ್ ಕೈಕೆಳಗೆ ಕೆಲಸಕ್ಕೆ ಹೋಗು. ಆಗ ನನಗೆ ಬರಿ, ನಾನೇ ದಾರಿ ಹೇಳುತ್ತೇನೆ.

ಪ್ರಶ್ನೆ: ನಾಲ್ಕು ದೊಡ್ಡ ಬ್ಯಾಗ್ ತುಂಬಾ ಹಳೆ ಬಟ್ಟೆ, ಆಟಿಕೆ ಸೇರಿಸಿದ್ದೇವೆ. ಆಫ್ರಿಕಾಕ್ಕೆ ಹೋಗುವವರ ಕೈಲಿ ಕಳಿಸಬಹುದಾ?
— ಗೃಹಿಣಿ, ಶಿವಮೊಗ್ಗ

ಉತ್ತರ: ಬೇಡ ಮೇಡಂ. ಹಳೆ ಬಟ್ಟೆ ಅಲ್ಲಿ ಬೇಕಾದಷ್ಟು ಬರುತ್ತದೆ, ಮಲಾವಿಯಲ್ಲಿ ಹಳೆ ಬಟ್ಟೆಗೆ ಕೌಂಜಿಕಾ ಅಂತಾರೆ, ಅದಕ್ಕೇ ದೊಡ್ಡ ಮಾರ್ಕೆಟ್ಟುಗಳಿವೆ. ಪುಕ್ಕಟೆ ಬಟ್ಟೆ ಹಂಚಿದರೆ ಅಂಗಡಿ ಜಗುಲಿಯ ಮೇಲೆ ಕಾಲು ಮಿಷಿನ್ ಇಟ್ಟುಕೊಂಡು ಕೂತ ಟೈಲರ್‌ನ ಗಿರಾಕಿ ಹೋಗುತ್ತಾನೆ. ಶಾಲಾ ಯೂನಿಫಾರ್ಮ್ ಕೊಡಿಸುವ ಆಸೆ ಇದ್ದರೆ ದುಡ್ಡು ಕಳಿಸಿ, ಅವನ ಕೈಲೇ ಹೊಲಿಸಲಿ. ಬಟ್ಟೆ ನಿಮ್ಮೂರಲ್ಲೇ ಬೇಕಾದವರಿಗೆ ಕೊಡಿ.

ಪ್ರಶ್ನೆ: ನಾವು ಧಾರವಾಡದವರು, ಈಗ ಟೆಕ್ಸಾಸ್‌ನಲ್ಲಿದ್ದೇವೆ. ಇಲ್ಲಿನ ನಮ್ಮ ಚರ್ಚ್ ಮೊದಲು ಪ್ರತಿ ವರ್ಷ ಕೆರಿಬಿಯನ್ ದೇಶ ಹೈಟಿಯ ಒಂದು ಅನಾಥಾಶ್ರಮಕ್ಕೆ ತಂಡ ಕಳಿಸುತ್ತಿತ್ತು. ನಾನೂ ಹೋಗಿದ್ದೆ. ಮಕ್ಕಳು ಓಡಿ ಬಂದು ತೊಡೆ ಮೇಲೆ ಕೂರುತ್ತವೆ, ಹೊರಡುವಾಗ ಬಿಡುವುದೇ ಇಲ್ಲ. ಈಗ ಚರ್ಚ್ ಬೇರೆ ದೇಶದ ಅನಾಥಾಶ್ರಮ ಹುಡುಕುತ್ತಿದೆ. ನಮ್ಮ ಮಕ್ಕಳಿಗೂ ಬಡತನ ಅಂದರೇನು ಅಂತ ತೋರಿಸಲು ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ನಿಮ್ಮ ಅಭಿಪ್ರಾಯ?
— ಓದುಗ ದಂಪತಿ, ಡಲ್ಲಾಸ್

ಉತ್ತರ: ನಿಮ್ಮ ಪತ್ರ ಓದಿ ಆ ಮಕ್ಕಳ ಬಗ್ಗೆ ನಿಮಗಿರುವ ಅಕ್ಕರೆ ಗೊತ್ತಾಯಿತು. ಅದಕ್ಕೇ ಬಿಚ್ಚಿ ಹೇಳುತ್ತೇನೆ. ಪರಿಚಯವೇ ಇಲ್ಲದವರ ತೊಡೆ ಮೇಲೆ ಮಗು ಓಡಿ ಬಂದು ಕೂತರೆ ಅದು ಖುಷಿಯ ಲಕ್ಷಣ ಅಲ್ಲ. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಬೆಳೆದ ಮಗು ಹೊಸಬರನ್ನು ಕಂಡರೆ ಮೊದಲು ಅಮ್ಮನ ಸೆರಗು ಹಿಡಿಯುತ್ತದೆ. ವಾರಕ್ಕೊಂದು ತಂಡ ಬಂದು ಮುದ್ದು ಮಾಡಿ ಬಿಟ್ಟು ಹೋಗುವ ಕಡೆ ಬೆಳೆದ ಮಗು ಸಿಕ್ಕವರಿಗೆಲ್ಲ ಅಂಟಿಕೊಳ್ಳುವುದನ್ನು ಕಲಿಯುತ್ತದೆ, ಪ್ರತಿ ವಾರ ಕಳೆದುಕೊಳ್ಳುವುದನ್ನೂ ಕಲಿಯುತ್ತದೆ.

ಇನ್ನು ಅನಾಥ ಅನ್ನುವ ಮಾತು. ಹೈಟಿಯ ಆಶ್ರಮಗಳಲ್ಲಿ ಸುಮಾರು 30 ಸಾವಿರ ಮಕ್ಕಳಿದ್ದಾರೆ ಅನ್ನುವ ಅಂದಾಜಿದೆ. ಅವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಮನೆಯಲ್ಲಿ ಊಟಕ್ಕಿಲ್ಲ, ಸ್ಕೂಲ್ ಫೀಸಿಗೆ ಇಲ್ಲ, ಅಲ್ಲಿ ಬಿಟ್ಟರೆ ಓದುತ್ತದೆ ಅಂತ ಬಿಟ್ಟವರು. 2010ರ ಜನವರಿ 12ರಂದು ಅಲ್ಲಿ ಭೂಕಂಪ ಆಯಿತಲ್ಲ, ಆ ತಿಂಗಳ ಕೊನೆಗೆ ಅಮೆರಿಕದ ಚರ್ಚುಗಳಿಂದ ಬಂದಿದ್ದ ಹತ್ತು ಜನ 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಕಾಗದಪತ್ರ ಏನೂ ಇಲ್ಲದೆ ಪಕ್ಕದ ದೇಶ ಡೊಮಿನಿಕನ್ ರಿಪಬ್ಲಿಕ್ ಗಡಿಗೆ ಹೋಗಿ ಸಿಕ್ಕಿಬಿದ್ದರು. ಅನಾಥರನ್ನು ಕಾಪಾಡುತ್ತಿದ್ದೇವೆ ಅಂದರು. ವಿಚಾರಿಸಿದರೆ ಆ ಮಕ್ಕಳಲ್ಲಿ ಬಹುತೇಕರಿಗೆ ಹೆತ್ತವರಿದ್ದರು. ಓದಿಸುತ್ತೇವೆ ಅಂದದ್ದನ್ನು ನಂಬಿ ಕೈಯಾರೆ ಒಪ್ಪಿಸಿದ್ದರು.

ಬರುವ ತಂಡಗಳ ಕಾಣಿಕೆಯೇ ಆಶ್ರಮದ ಆದಾಯವಾದರೆ ಮಕ್ಕಳು ಅಲ್ಲೇ ಉಳಿಯಬೇಕಾಗುತ್ತದೆ, ಸಾಲದಿದ್ದರೆ ಹಳ್ಳಿಯಿಂದ ಇನ್ನಷ್ಟು ತರಬೇಕಾಗುತ್ತದೆ. ನೇಪಾಳದಲ್ಲಿ ಇದೇ ಆಯಿತು, ಕಾಠ್ಮಂಡುವಿನಂಥ ಪ್ರವಾಸಿಗರು ಬರುವ ಜಾಗಗಳಲ್ಲೇ ಆಶ್ರಮಗಳು ಹುಟ್ಟಿಕೊಂಡವು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯ್ದೆ ತಂದಾಗ ಮಕ್ಕಳನ್ನು ಹೀಗೆ ಆಶ್ರಮಕ್ಕೆ ಸಾಗಿಸುವುದನ್ನೂ ಅದರ ಚರ್ಚೆಯಲ್ಲಿ ಗಂಭೀರವಾಗಿ ತೆಗೆದುಕೊಂಡಿತು.

ಹೈಟಿಗೆ ತಂಡ ಕಳಿಸುವುದು ನಿಂತದ್ದು ಒಳ್ಳೆಯದೇ. 2021ರ ಅಕ್ಟೋಬರಿನಲ್ಲಿ ಒಂದು ಅನಾಥಾಶ್ರಮ ನೋಡಿಕೊಂಡು ಬರುತ್ತಿದ್ದ 17 ಮಿಷನರಿಗಳನ್ನು, ಅವರಲ್ಲಿ ಐದು ಮಕ್ಕಳೂ ಇದ್ದರು, ಗ್ಯಾಂಗಿನವರು ಎತ್ತಿಕೊಂಡು ಹೋದರು. ಎಲ್ಲರೂ ಹೊರಗೆ ಬರುವಷ್ಟರಲ್ಲಿ ಡಿಸೆಂಬರ್ ಆಗಿತ್ತು.

ನಿಮ್ಮ ಚರ್ಚಿನಲ್ಲಿ ಎದ್ದು ನಿಂತು ಒಂದು ಮಾತು ಕೇಳಿ. ಆಶ್ರಮಕ್ಕೆ ಕೊಡುವ ದುಡ್ಡು ಆ ಮಕ್ಕಳ ಅಪ್ಪ ಅಮ್ಮನ ಕೈಗೆ, ಅಥವಾ ಅಜ್ಜಿ ಚಿಕ್ಕಮ್ಮನ ಕೈಗೆ ಹೋಗಿ ಮಗು ಮನೆಯಲ್ಲೇ ಬೆಳೆಯುವಂತೆ ಮಾಡಬಹುದಾ? ಆ ಕೆಲಸ ಮಾಡುವ ಸಂಸ್ಥೆಗಳಿವೆ, ಅಂಥದ್ದನ್ನು ಹುಡುಕಿ. ಅಲ್ಲಿ ತಬ್ಬಿಕೊಳ್ಳಲು ಮಕ್ಕಳು ಸಿಗುವುದಿಲ್ಲ, ಫೋಟೋ ಸಿಗುವುದಿಲ್ಲ. ಹಾಗೇ ಇರಬೇಕು. ನಿಮ್ಮ ಮಕ್ಕಳಿಗೆ ಬಡತನ ತೋರಿಸಲು ಇನ್ನೊಬ್ಬರ ಮಕ್ಕಳನ್ನು ಬಳಸಬೇಡಿ, ಡಲ್ಲಾಸ್‌ನಲ್ಲೇ ಫುಡ್ ಬ್ಯಾಂಕಿಗೆ ಪ್ರತಿ ಶನಿವಾರ ಕರೆದುಕೊಂಡು ಹೋಗಿ ಮೂಟೆ ಹೊರಿಸಿ.

ಪ್ರಶ್ನೆ: ಮೇಡಂ, ನಾನು ಹಿಂದೂ. ನಿಮ್ಮ ಅಂಕಣ ಇಷ್ಟಪಟ್ಟು ಓದುತ್ತೇನೆ. ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ಈ ಸೇವೆ ಎಲ್ಲ ಕೊನೆಗೆ ಮತಾಂತರಕ್ಕೇ ಅಲ್ವಾ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಬೇಜಾರಿಲ್ಲ ಸರ್. ಕೆಲವು ತಂಡಗಳಿಗೆ ಅದೇ ಉದ್ದೇಶ, ಅದನ್ನು ಮುಚ್ಚಿಡುವುದಿಲ್ಲ. ಅನ್ನ, ಔಷಧಿ ಕೊಡುವ ಮೊದಲು ಪ್ರಾರ್ಥನೆಗೆ ಕೂರಿಸುವವರನ್ನು ನಾನು ಕಂಡಿದ್ದೇನೆ, ಅದು ಅನ್ಯಾಯ ಅಂತ ಅಲ್ಲೇ ಹೇಳಿದ್ದೇನೆ. ಹಸಿದವನಿಗೆ, ಮಗು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ, ಒಲ್ಲೆ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಒಲ್ಲೆ ಅನ್ನಲಾಗದ ಕಡೆ ನಂಬಿಕೆಯ ಮಾತೇ ಎತ್ತಬಾರದು. ಇದು ನನ್ನೊಬ್ಬಳ ಮಾತಲ್ಲ. 1994ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ಪರಿಹಾರ ಸಂಸ್ಥೆಗಳು ಒಂದು ನೀತಿ ಸಂಹಿತೆ ಮಾಡಿಕೊಂಡವು. ಯಾವುದೇ ರಾಜಕೀಯ ಅಥವಾ ಧರ್ಮದ ನಿಲುವನ್ನು ಮುಂದೆ ತರಲು ನೆರವನ್ನು ಬಳಸುವುದಿಲ್ಲ ಅನ್ನುವುದು ಅದರ ಒಂದು ಕಲಂ. ಆ ಸಂಹಿತೆ ಮಾಡಿದವರಲ್ಲಿ ಕ್ಯಾಥೋಲಿಕ್ಕರ ಕಾರಿತಾಸ್ ಇದೆ, ಲೂಥರನ್ ವರ್ಲ್ಡ್ ಫೆಡರೇಶನ್ ಇದೆ, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಇದೆ.

ನಮ್ಮ ಮಲಾವಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ 'ಯಾವೋ' ಎಂಬ ಹೆಸರಿನ ಜನಾಂಗದ ಮುಸ್ಲಿಂ ತಾಯಂದಿರು ತುಂಬಾ ಇರುತ್ತಿದ್ದರು. ಬೆಳಗ್ಗೆ ಸಿಬ್ಬಂದಿ ಪ್ರಾರ್ಥನೆ ಚಾಪೆಲ್‌ನಲ್ಲಿ ನಡೆಯುತ್ತಿತ್ತು, ವಾರ್ಡಿನಲ್ಲಿ ಅಲ್ಲ. ನನ್ನ ನಂಬಿಕೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಯಿತು, ಆ ತಾಯಂದಿರ ನಂಬಿಕೆ ಮುಟ್ಟಲು ನನಗೆ ಯಾವ ಹಕ್ಕೂ ಇರಲಿಲ್ಲ.

ಇನ್ನೊಂದು ಮಾತು ನಮ್ಮ ಸಭೆಯ ಯುವಕರಿಗೂ ಹೇಳಬೇಕು. ಮಲಾವಿಯಲ್ಲಿ ನಾಲ್ವರಲ್ಲಿ ಮೂವರಿಗಿಂತ ಜಾಸ್ತಿ ಜನ ಈಗಾಗಲೇ ಕ್ರೈಸ್ತರು. ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಅಲ್ಲಿಗೆ ಎಂದೋ ಮುಟ್ಟಿದೆ. ನೇಪಾಳದಲ್ಲಾದರೆ 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯಲ್ಲಿ ಮತಾಂತರ ಮಾಡಿಸಿದರೆ ಐದು ವರ್ಷದವರೆಗೆ ಜೈಲು, ವಿದೇಶಿಯರಾದರೆ ಗಡೀಪಾರು. ಟೂರಿಸ್ಟ್ ಅಂತ ಹೋಗಿ ಸುವಾರ್ತೆ ಸಾರಿ ಬರುತ್ತೇವೆ ಅನ್ನುವವರಿಗೆ ಏನಾದರೂ ಆದರೆ ಅವರು ವಿಮಾನ ಹತ್ತುತ್ತಾರೆ, ಪೊಲೀಸರ ಮುಂದೆ ನಿಲ್ಲುವವರು ಅಲ್ಲಿನ ಸಣ್ಣ ಸಭೆಯ ಪಾಸ್ಟರ್ ಮತ್ತು ಅವರ ಹೆಂಡತಿ ಮಕ್ಕಳು.

ಪ್ರಶ್ನೆ: ನೀವು ಹೇಳುವುದು ನೋಡಿದರೆ ಯಾರೂ ಎಲ್ಲಿಗೂ ಹೋಗಬಾರದು ಅನ್ನಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಹಾಗೆ ಅಂದುಕೊಂಡಿದ್ದರೆ ನಮ್ಮ ಮಂಗಳೂರು ಹೆಂಚು ಎಲ್ಲಿರುತ್ತಿತ್ತು, ಕಿಟ್ಟೆಲ್ ನಿಘಂಟು ಎಲ್ಲಿರುತ್ತಿತ್ತು?
— ಓದುಗರು, ಮಂಗಳೂರು

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ರಿ. ಅವರು ಎಷ್ಟು ವರ್ಷ ಇದ್ದರು ನೋಡಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ್ದು 1843ರಲ್ಲಿ, ಕನ್ನಡ ಕಲಿತು, ಜನರ ಜೊತೆ ವರ್ಷಗಟ್ಟಲೆ ಓಡಾಡಿದ ಮೇಲೆ. ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಕ್ರೈಸ್ತರಾದವರಿಗೆ ಜಾತಿಯ ಜೊತೆಗೇ ಕಸುಬು, ಜಮೀನು ತಪ್ಪಿಹೋಗುತ್ತಿತ್ತು, ಅವರಿಗೆ ಅನ್ನದ ದಾರಿ ಬೇಕಿತ್ತು. ನೇತ್ರಾವತಿ, ಗುರುಪುರ ನದಿಗಳ ಮಣ್ಣು ಹೆಂಚಿಗೆ ಒಗ್ಗುತ್ತದೆ ಅಂತ ಕಂಡುಕೊಂಡದ್ದು ಅಲ್ಲೇ ಬದುಕಿದ್ದರಿಂದ. ಕಿಟ್ಟೆಲ್ 1853ರಲ್ಲಿ ಬಂದವರು, ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಎಲ್ಲ ಕೆಲಸವನ್ನೂ ಒಪ್ಪಬೇಕಿಲ್ಲ, ಒಪ್ಪದವರು ಆಗಲೂ ಇದ್ದರು. ಆದರೆ ಇಲ್ಲಿನ ಭಾಷೆ ಕಲಿತರು, ಇಲ್ಲಿನ ಜ್ವರ ಅನುಭವಿಸಿದರು, ಎಷ್ಟೋ ಜನ ಇಲ್ಲೇ ಮಣ್ಣಾದರು. ಇವತ್ತಿಗೂ ಮಂಗಳೂರಿನ ಸಿಸ್ಟರ್‌ಗಳು ಆಫ್ರಿಕಾದ ಹಳ್ಳಿಗಳಲ್ಲಿ ಹಾಗೇ ಇದ್ದಾರೆ, ಸ್ಥಳೀಯ ಭಾಷೆಯಲ್ಲಿ ಜಗಳ ಆಡುವಷ್ಟು ಅಲ್ಲಿಯವರಾಗಿ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ, ಅದು ನನಗೆ ಬೇಸರ.

ಕಡಿಮೆ ದಿನಕ್ಕೆ ಹೋಗುವುದೆಲ್ಲ ವ್ಯರ್ಥ ಅಂತಲೂ ಅಲ್ಲ. ಮರ್ಸಿ ಶಿಪ್ಸ್ ಅನ್ನುವ ಕ್ರೈಸ್ತ ಸಂಸ್ಥೆ 1978ರಿಂದ ಹಡಗನ್ನೇ ಆಸ್ಪತ್ರೆ ಮಾಡಿಕೊಂಡು ಕೆಲಸ ಮಾಡುತ್ತಿದೆ. ಅವರ ಗ್ಲೋಬಲ್ ಮರ್ಸಿ ಹಡಗು ಪಶ್ಚಿಮ ಆಫ್ರಿಕಾದ ಸೆನೆಗಲ್, ಸಿಯೆರಾ ಲಿಯೋನ್ ಬಂದರುಗಳಲ್ಲಿ ನಿಂತು ಕೆಲಸ ಮಾಡಿದೆ. ಸರ್ಜನ್‌ಗಳಲ್ಲಿ ಎಷ್ಟೋ ಜನ ಎರಡು ವಾರಕ್ಕೆ ಬಂದು ಹೋಗುತ್ತಾರೆ, ಸಂಬಳ ಇಲ್ಲ, ತಮ್ಮ ಖರ್ಚು ತಾವೇ ಹಾಕಿಕೊಳ್ಳುತ್ತಾರೆ. ಆದರೆ ಹಡಗು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಆ ದೇಶದ ಸರ್ಕಾರ ಕರೆದರೆ ಮಾತ್ರ ಹೋಗುತ್ತದೆ. ಸೀಳು ತುಟಿ, ಕಣ್ಣಿನ ಪೊರೆ, ಮುಖದ ಗಡ್ಡೆ, ಇಂಥ ಆಪರೇಷನ್ ಮಾಡಿದ ಡಾಕ್ಟರ್ ಊರಿಗೆ ಹೋದರೂ ಗಾಯ ನೋಡಿಕೊಳ್ಳುವವರು ಇರುತ್ತಾರೆ, ಅಲ್ಲಿನ ಡಾಕ್ಟರುಗಳಿಗೆ, ಅರಿವಳಿಕೆ ಕೊಡುವವರಿಗೆ ಜೊತೆಜೊತೆಗೇ ತರಬೇತಿ ನಡೆಯುತ್ತದೆ. ಎರಡು ವಾರದ ಕೆಲಸಕ್ಕೆ ಬೆಲೆ ಬರುವುದು ಹೀಗೆ, ಹಿಂದೆ ಮುಂದೆ ಯಾರಾದರೂ ನಿಂತಿದ್ದರೆ.

ಪ್ರಶ್ನೆ: ನಾನು ಹೈಸ್ಕೂಲ್ ಗಣಿತ ಮೇಷ್ಟ್ರು, ಇತ್ತೀಚೆಗೆ ರಿಟೈರ್ ಆದೆ. ಹೆಂಡತಿ ತೀರಿಕೊಂಡಿದ್ದಾಳೆ, ಮಗಳ ಮದುವೆ ಆಗಿದೆ. ನಮ್ಮ ಡಯಾಸಿಸ್ (ಬಿಷಪ್ಪರ ಆಡಳಿತಕ್ಕೆ ಸೇರಿದ ಸಭೆಗಳ ವಲಯ) ಮೂಲಕ ಮಲಾವಿಯ ಒಂದು ಮಿಷನ್ ಸೆಕೆಂಡರಿ ಶಾಲೆಗೆ ಗಣಿತ ಕಲಿಸಲು ಹೋಗುವ ಅವಕಾಶ ಇದೆ, ಕನಿಷ್ಠ ಎರಡು ವರ್ಷ. ಈ ವಯಸ್ಸಿನಲ್ಲಿ ಬೇಕಾ ಇದು ಅಂತ ಮಗಳು ಕೇಳುತ್ತಾಳೆ. ಶುಗರ್ ಇದೆ, ಹತೋಟಿಯಲ್ಲಿದೆ.
— ನಿವೃತ್ತ ಶಿಕ್ಷಕ, ತುಮಕೂರು

ಉತ್ತರ: ಹೋಗಿ ಸರ್, ಖಂಡಿತ ಹೋಗಿ. ಗಣಿತ, ವಿಜ್ಞಾನದ ಮೇಷ್ಟ್ರು ಅಲ್ಲಿ ಸಿಗುವುದೇ ಕಷ್ಟ. ಸೆಕೆಂಡರಿ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದರಿಂದ ತೊಂದರೆ ಇಲ್ಲ, ಆದರೆ ಚಿಚೆವಾ ಮೊದಲ ದಿನದಿಂದಲೇ ಕಲಿಯಲು ಶುರು ಮಾಡಿ. "ಮುಲಿ ಬ್ವಾಂಜಿ" (ಹೇಗಿದ್ದೀರಿ) ಅಂತ ಎದುರು ಸಿಕ್ಕವರನ್ನೆಲ್ಲ ಮಾತಾಡಿಸಿಯೇ ಮುಂದೆ ಹೋಗಬೇಕು, ಅಲ್ಲಿ ಅದು ಮರ್ಯಾದೆ. ಹೋದ ಕೂಡಲೇ ಸಿಲಬಸ್ ಬದಲಾಯಿಸಲು ಹೋಗಬೇಡಿ. ಅಲ್ಲಿನ ಒಬ್ಬ ಎಳೆಯ ಮೇಷ್ಟ್ರ ಜೊತೆ ಸೇರಿ ಪಾಠ ಮಾಡಿ, ನೀವು ಊರಿಗೆ ಬಂದ ಮೇಲೆ ಆ ಕ್ಲಾಸು ಅವರ ಕೈಲಿರುತ್ತದೆ.

ಹೊರಡುವ ಮೊದಲು ಆ ಶಾಲೆಯ ಹೆಡ್‌ಮಾಸ್ಟರ್ ಜೊತೆ ನೀವೇ ಫೋನಿನಲ್ಲಿ ಮಾತಾಡಿ, ಡಯಾಸಿಸ್ ಆಫೀಸಿನವರ ಮಾತು ಸಾಲದು. ನಿಜಕ್ಕೂ ಗಣಿತದ ಮೇಷ್ಟ್ರು ಬೇಕಾ, ನಿಮ್ಮಿಂದ ಅಲ್ಲಿಯ ಯಾರ ಕೆಲಸವಾದರೂ ಹೋಗುತ್ತದಾ ಅಂತ ಕೇಳಿ. ಉಳಿಯುವ ಮನೆ, ನೀರು, ಕರೆಂಟ್ ವಿಚಾರಿಸಿ. ಕೆಲಸದ ಪರ್ಮಿಟ್ ಕೈಗೆ ಬರುವ ತನಕ ಟಿಕೆಟ್ ಮಾಡಬೇಡಿ.

ಶುಗರ್ ಇದ್ದರೆ ಹತ್ತಿರದ ಮಿಷನ್ ಆಸ್ಪತ್ರೆ ಎಷ್ಟು ದೂರ ಅಂತ ಕೇಳಿ, ಇನ್ಸುಲಿನ್ ತಗೊಳ್ಳುವವರಾದರೆ ಅದನ್ನು ತಂಪಾಗಿಡುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಮಲೇರಿಯಾ ತಡೆಯುವ ಮಾತ್ರೆ ಯಾವುದು ನಿಮಗೆ ಸರಿ ಅಂತ ನಿಮ್ಮ ಡಾಕ್ಟರನ್ನು ಕೇಳಿ, ಶುಗರ್ ಮಾತ್ರೆಯ ಜೊತೆ ಹೊಂದಬೇಕಲ್ಲ. ಸೊಳ್ಳೆ ಪರದೆ ಒಳಗೇ ಮಲಗಿ. ಮಲಾವಿ ಸರೋವರ ತುಂಬಾ ಚೆನ್ನಾಗಿದೆ, ಹುಡುಗರು ಈಜಲು ಕರೆಯುತ್ತಾರೆ, ಆದರೆ ದಡದ ನೀರಿನಲ್ಲಿ ಚರ್ಮದ ಮೂಲಕ ಮೈಯೊಳಗೆ ಸೇರುವ ಬಿಲ್ಹಾರ್ಜಿಯಾ ಹುಳು ಇರುತ್ತದೆ. ಇಳಿದಿದ್ದರೆ ಆಮೇಲೆ ಪರೀಕ್ಷೆ ಮಾಡಿಸಿ, ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಮಗಳಿಗೆ ಈ ಪುಟ ಓದಲು ಕೊಡಿ. ಅವಳಿಗೆ ಏನಾದರೂ ಕೇಳುವುದಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಲಿ, ಅವಳಿಗೇ ನೇರವಾಗಿ ಉತ್ತರ ಬರೆಯುತ್ತೇನೆ.